ಜೆರಾಕ್ಸ್ ಕೊಡೋ ಮುಂಚೆ ಅದ್ರ ಮೇಲೆ ಬರೀರಿ: ಮನೆ ಕಾಗದ ಪತ್ರ ಕಾಪಾಡ್ಕೊಳ್ಳೋದು ಹೆಂಗೆ

ಚಿಂತಾಮಣೀಲಿ ತಾಲೂಕು ಆಫೀಸ್ ಆಸುಪಾಸು ನಂದೊಂದು ಜೆರಾಕ್ಸ್ ಅಂಗಡಿ ಇದೆ, ಹದಿನಾಲ್ಕು ವರ್ಷ ಆಯ್ತು. ಪಹಣಿ, ಇಸಿ (ಆಸ್ತಿ ಋಣಭಾರ ಪತ್ರ), ಆಧಾರ್, ಮಾರ್ಕ್ಸ್ ಕಾರ್ಡು, ಡೈವೋರ್ಸ್ ಪೇಪರ್ರು, ಸೊಸೈಟಿ ಲೋನ್ ಫೈಲು, ಊರಿನ ಅರ್ಧ ಗುಟ್ಟು ನನ್ನ ಮೆಷಿನ್ ಗಾಜಿನ ಮೇಲೆ ಮಲಗೆದ್ದು ಹೋಗಿದೆ. ಅದಕ್ಕೇ ಹೇಳ್ತೀನಿ ಕೇಳಿ, ನಮ್ಮ ಜನ ಒರಿಜಿನಲ್ಲನ್ನ ಬೀರೂಲಿ ಸೀರೆ ಅಡಿ ಇಟ್ಟು ಬೀಗ ಹಾಕ್ತಾರೆ, ಜೆರಾಕ್ಸನ್ನ ಮಾತ್ರ ಮದ್ವೆ ಕಾರ್ಡ್ ಹಂಚ್ದಂಗೆ ಹಂಚ್ತಾರೆ. ಮೋಸ ಮಾಡೋನಿಗೆ ಬೀರು ಒಡೆಯೋ ಕಷ್ಟ ಯಾಕೆ, ನೀವೇ ಕೊಟ್ಟಿರೋ ಜೆರಾಕ್ಸೇ ಸಾಕು.

ನಂದೇ ಕಥೆ ಹೇಳ್ತೀನಿ. 2023ರಲ್ಲಿ ಸಂಚಾರ್ ಸಾಥಿ ಸೈಟ್ ಬಂತಲ್ಲ, ನಮ್ಮ ಹೆಸ್ರಲ್ಲಿ ಎಷ್ಟು ಸಿಮ್ ಇದೆ ಅಂತ ತೋರ್ಸತ್ತೆ, ಹೊಸದ್ರಲ್ಲಿ ಸುಮ್ನೆ ನೋಡೋಣ ಅಂತ ನನ್ನ ನಂಬರ್ ಹಾಕ್ದೆ. ಐದು ಸಿಮ್ ತೋರ್ಸ್ತು. ನಂದು ಎರಡು, ಮನೆಯವಳದ್ದು ಒಂದು. ಮಿಕ್ಕಿದ್ದೆರಡು ಯಾರ್ದಪ್ಪ ಅಂತ ತಲೆ ಕೆರ್ಕೊಂಡು ಕೂತಾಗ ನೆನಪಾಯ್ತು, ಎಷ್ಟೋ ವರ್ಷದ ಹಿಂದೆ ಬಸ್ ಸ್ಟ್ಯಾಂಡ್ ಹತ್ರ ಛತ್ರಿ ಹಾಕ್ಕೊಂಡು ಸಿಮ್ ಮಾರ್ತಿದ್ದ ಹುಡುಗ "ಅಣ್ಣ ಈ ಜೆರಾಕ್ಸ್ ಸರಿ ಬಂದಿಲ್ಲ ಇನ್ನೊಂದು ಕೊಡಿ" ಅಂತ ಕೇಳಿದ್ದ, ಜೆರಾಕ್ಸ್ ಅಂಗಡಿಯವನಿಗೆ ಜೆರಾಕ್ಸ್ ಏನು ಲೆಕ್ಕ, ಇನ್ನೊಂದು ಕೊಟ್ಟೆ, ಮೊದಲ್ನೇದು ವಾಪಸ್ ಇಸ್ಕೊಂಡಿರಲಿಲ್ಲ. ಆ ಹುಡುಗನೇ ಮಾಡ್ದ ಅಂತ ಹೇಳೋಕೆ ನನ್ನ ಹತ್ರ ಸಾಕ್ಷಿ ಇಲ್ಲ, ಆದ್ರೆ ಅವತ್ತಿಂದ ಮೇಲೆ ಏನೂ ಬರೀದ ಖಾಲಿ ಜೆರಾಕ್ಸ್ ನನ್ನ ಕೈ ಬಿಟ್ಟು ಹೋಗಿಲ್ಲ. ಆ ಎರಡು ನಂಬರ್ರಿಗೆ ಸೈಟಲ್ಲೇ ನಂದಲ್ಲ ಅಂತ ಒತ್ತಿ ಕಂಪ್ಲೇಂಟ್ ಹಾಕ್ದೆ.

ಅಂದಂಗೆ ಸಿಮ್ಮಿಗೆ ಪೇಪರ್ ಕೆವೈಸಿ, ಅಂದ್ರೆ ಕಾಗದ ಇಸ್ಕೊಂಡು ಗಿರಾಕಿ ಗುರುತು ನೋಡೋದು, 2024ರ ಜನವರಿ 1ರಿಂದಾನೇ ನಿಂತೋಗಿದೆ, ಈಗೆಲ್ಲ ಫೋನಲ್ಲೇ ಫೋಟೋ ತೆಗೆದು ಮಾಡ್ತಾರೆ. ಈಗ್ಲೂ ಯಾರಾದ್ರೂ ಸಿಮ್ಮಿಗೆ ಆಧಾರ್ ಜೆರಾಕ್ಸ್ ಕೇಳಿದ್ರೆ ಯಾಕೆ ಅಂತ ತಿರುಗಿಸಿ ಕೇಳಿ.

ಮೊದಲು ಮನೇಲಿ ಕೂತು ಮೂರು ಗುಡ್ಡೆ ಮಾಡಿ

ಒಂದು ಭಾನುವಾರ ಬೀರೂಲಿರೋ ಕಾಗದ ಎಲ್ಲಾ ಚಾಪೆ ಮೇಲೆ ಸುರೀರಿ. ಕಳೆದೋದ್ರೆ ಮತ್ತೆ ಮಾಡ್ಸೋಕೆ ಚಪ್ಪಲಿ ಸವೆಯೋವು ಒಂದು ಗುಡ್ಡೆ: ಕ್ರಯಪತ್ರ, ವಿಭಾಗಪತ್ರ, ಸಾಗುವಳಿ ಚೀಟಿ, ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು. ಬೇರೆಯವರ ಕೈಗೆ ಸಿಕ್ಕಿದ್ರೆ ಡೇಂಜರ್ ಆಗೋವು ಎರಡನೇದು: ಆಧಾರ್, ಪಾನ್, ಪಾಸ್‌ಬುಕ್, ಚೆಕ್ ಬುಕ್, ಸಹಿ ಇರೋ ಯಾವ್ದೇ ಪೇಪರ್ರು. ಮೂರನೇದು ಕಸ. ಆದ್ರೆ ಹುಷಾರು, ಕಸದ ಗುಡ್ಡೇಲಿ ಎರಡನೇ ಗುಡ್ಡೆಯ ಮರಿಗಳು ಇರ್ತವೆ. ಹಳೇ ಬ್ಯಾಂಕ್ ಸ್ಟೇಟ್‌ಮೆಂಟು, ಇನ್ಶೂರೆನ್ಸ್ ಕಾಗದ, ಸ್ಕೂಲ್ ಅಡ್ಮಿಶನ್ನಿಗೆ ಅಂತ ಐದು ತೆಗೆಸಿ ಮೂರು ಉಳಿದಿರೋ ಆಧಾರ್ ಜೆರಾಕ್ಸು. ಅವನ್ನ ಪಕ್ಕಕ್ಕಿಡಿ, ಏನ್ ಮಾಡ್ಬೇಕು ಅಂತ ಕೆಳಗೆ ಹೇಳ್ತೀನಿ.

ಅಡ್ಡ ಬರೆಯೋದು, ಇದೇ ಮುಖ್ಯ

ಯಾವ್ದೇ ಜೆರಾಕ್ಸ್ ಕೊಡ್ವಾಗ ಅದು ಯಾರಿಗೆ, ಯಾವುದಕ್ಕೆ, ಯಾವತ್ತು ಅಂತ ಅದರ ಮೈಮೇಲೆ ಬರೀರಿ. "ಇಂಥ ಬ್ಯಾಂಕಿನ ಚಿಂತಾಮಣಿ ಶಾಖೆಯಲ್ಲಿ ಕೆವೈಸಿಗೆ ಮಾತ್ರ, 14-7-2025" ಅಷ್ಟೇ. ಇದನ್ನ ಎಲ್ರೂ ಹೇಳ್ತಾರೆ, ಆದ್ರೆ ಎಲ್ಲಿ ಬರೀಬೇಕು ಅಂತ ಯಾರೂ ಸರಿಯಾಗಿ ಹೇಳಲ್ಲ. ಜನ ಏನ್ ಮಾಡ್ತಾರೆ, ಕೆಳಗೆ ಮೂಲೇಲಿ ಖಾಲಿ ಇರೋ ಜಾಗ ಹುಡುಕಿ ನೀಟಾಗಿ ಬರೆದು ಸಹಿ ಹಾಕ್ತಾರೆ. ನಾನು ಮೆಷಿನ್ ಮುಂದೆ ನಿಂತಿರೋನು, ಆ ಮೂಲೆ ಮೇಲೆ ಒಂದು ಬಿಳಿ ಚೀಟಿ ಮುಚ್ಚಿ ಮತ್ತೆ ಜೆರಾಕ್ಸ್ ತೆಗೆದ್ರೆ ನಿಮ್ಮ ಬರಹ ಮಾಯ, ಮತ್ತೆ ಖಾಲಿ ಆಧಾರ್ ರೆಡಿ, ಹತ್ತು ಸೆಕೆಂಡಿನ ಕೆಲಸ. ಅದಕ್ಕೆ ಬರಹ ಅಚ್ಚಾಗಿರೋ ಅಕ್ಷರದ ಮೇಲೇ ಹಾದು ಹೋಗ್ಬೇಕು. ಓರೆಯಾಗಿ ಎರಡು ಗೆರೆ ಎಳೀರಿ, ಫೋಟೋ ಅಂಚಿಂದ ಶುರುವಾಗಿ ವಿಳಾಸದ ಮೇಲೆ ದಾಟ್ಲಿ, ಗೆರೆ ಮಧ್ಯೆ ಬರೀರಿ, ಸಹೀನೂ ಅದಕ್ಕೇ ಅಂಟ್ಕೊಂಡಂಗೆ ಹಾಕಿ. ಮುಖ, ಹೆಸರು, ನಂಬರ್ ಕಾಣಬೇಕು, ಅದರ ಮೇಲೆ ಗೀಚಿದ್ರೆ ಕೌಂಟರಲ್ಲಿ ವಾಪಸ್ ಕೊಡ್ತಾರೆ.

ಪೆನ್ನು ಕಡು ನೀಲಿ ಬಾಲ್‌ಪಾಯಿಂಟ್ ಆದ್ರೆ ಒಳ್ಳೇದು. ತಿಳಿ ನೀಲಿ ಆಗಲ್ಲ, ಎಷ್ಟೋ ಮೆಷಿನ್ನಲ್ಲಿ ತಿಳಿ ನೀಲಿ ಸರಿಯಾಗಿ ಬೀಳೋದೇ ಇಲ್ಲ, ಜೆರಾಕ್ಸಿನ ಜೆರಾಕ್ಸ್ ತೆಗೆದಾಗ ನಿಮ್ಮ ಬರಹ ಮಸುಕಾಗಿ ಕೂತಿರತ್ತೆ. ಬಾಲ್ ಪೆನ್ನು ಒತ್ತಿ ಬರೆದ್ರೆ ಹಿಂದೆ ಗೀರು ಮೂಡತ್ತೆ, ಕೈ ಆಡ್ಸಿದ್ರೇ ಗೊತ್ತಾಗತ್ತೆ ಇದು ನಿಜವಾದ ಬರಹ ಅಂತ. ಪೆನ್ನು ನಿಮ್ಮದೇ ಇರ್ಲಿ. ಏಜೆಂಟ್ ಜೇಬಿಂದ ತೆಗೆದು ಕೊಟ್ಟ ಪೆನ್ನಲ್ಲಿ ಚೆಕ್ಕಾಗ್ಲಿ ಫಾರಮ್ಮಾಗ್ಲಿ ಬರೀಬೇಡಿ, ಬಿಸಿ ತಾಗಿದ್ರೆ ಮಾಯ ಆಗೋ ಇಂಕು ಮಾರ್ಕೆಟ್ಟಲ್ಲಿ ಸಿಗತ್ತೆ, ಮಕ್ಕಳು ನೋಟ್ಸ್ ಬರೆಯೋಕೆ ಅಂತ ಬಂದಿದ್ದು, ಮೋಸಗಾರರ ಜೇಬಿಗೂ ಹೋಯ್ತು.

"ಬರೆದಿರೋದು ತಗೊಳ್ಳಲ್ಲ" ಅಂತ ಕೆಲವು ಕಡೆ ರಾಗ ಎಳೀತಾರೆ. ಜಗಳ ಬೇಡ. "ಸಾರ್ ನಿಮ್ಮ ಆಫೀಸ್ ಹೆಸರೇ ಬರೆದಿದೀನಿ, ನಂಬರ್ ಕಾಣ್ತಿದೆಯಲ್ಲ" ಅನ್ನಿ, ಹತ್ತರಲ್ಲಿ ಒಂಬತ್ತು ಜನ ತಗೋತಾರೆ. ವಾಟ್ಸಾಪಲ್ಲಿ ಕಳ್ಸೋದಾದ್ರೆ ಒರಿಜಿನಲ್ ಕಾರ್ಡಿನ ಫೋಟೋ ಕಳ್ಸಬೇಡಿ, ಅಡ್ಡ ಬರೆದ ಜೆರಾಕ್ಸಿನ ಫೋಟೋ ತೆಗೆದು ಕಳ್ಸಿ.

ಇನ್ನೊಂದು ನನ್ನ ಹುಚ್ಚು, ಬೇಕಾದ್ರೆ ಮಾಡಿ: ಹಳೇ ಡೈರೀಲಿ ಯಾವ ಕಾಗದ ಯಾರಿಗೆ ಕೊಟ್ಟೆ, ತಾರೀಕು, ಎಷ್ಟು ಪ್ರತಿ ಅಂತ ಬರೆದಿಡ್ತೀನಿ. ಮನೆಯವಳು ನಗ್ತಿದ್ಲು. ಆ ಸಿಮ್ ಕಥೆ ಆದ್ಮೇಲೆ ಅವಳೂ ಬರೀತಾಳೆ, ನನಗಿಂತ ನೀಟಾಗಿ.

ಆಧಾರ್ ಬಗ್ಗೆ

ಎಲ್ಲಾ ಕಡೆ ಪೂರ್ತಿ ನಂಬರ್ ಇರೋ ಆಧಾರ್ ಬೇಕಾಗಲ್ಲ. ಆಧಾರ್ ಕೊಡೋ ಯುಐಡಿಎಐ ಸೈಟಲ್ಲಿ ಡೌನ್‌ಲೋಡ್ ಮಾಡ್ವಾಗ ಮಾಸ್ಕ್ಡ್ ಆಧಾರ್ ಅಂತ ಒಂದು ಟಿಕ್ ಇರತ್ತೆ, ಅದು ಹಾಕಿದ್ರೆ ಕೊನೇ 4 ಅಂಕಿ ಮಾತ್ರ ಕಾಣತ್ತೆ. ನಂದಿ ಬೆಟ್ಟದ ಕಡೆ ರೂಮ್ ಮಾಡೋಕೆ, ಬಾಡಿಗೆ ಮನೆಗೆ, ಕೊರಿಯರ್ ಆಫೀಸಿಗೆ ಇದು ಧಾರಾಳ. ಸರ್ಕಾರಿ ಸ್ಕೀಮಿಗೆ, ಸಬ್ಸಿಡಿಗೆ ಪೂರ್ತಿ ನಂಬರ್ ಕೇಳ್ತಾರೆ, ಅಲ್ಲಿ ಕೊಡ್ಲೇಬೇಕು. 2022ರ ಮೇ 27ಕ್ಕೆ ಯುಐಡಿಎಐನ ಬೆಂಗಳೂರು ಆಫೀಸಿಂದ್ಲೇ ಒಂದು ಪ್ರಕಟಣೆ ಬಂದಿತ್ತು, ಆಧಾರ್ ಜೆರಾಕ್ಸ್ ಯಾರಿಗೂ ಕೊಡ್ಬೇಡಿ, ಮಾಸ್ಕ್ಡ್ ಕೊಡಿ ಅಂತ. ಜನ ಗಾಬರಿಯಾದ್ರು, ಎರಡೇ ದಿನಕ್ಕೆ 29ನೇ ತಾರೀಕು ವಾಪಸ್ ತಗೊಂಡು ಮಾಮೂಲಿ ಎಚ್ಚರಿಕೆ ಇರ್ಲಿ ಸಾಕು ಅಂದ್ರು. ವಾಪಸ್ ತಗೊಂಡಿದ್ದು ತಪ್ಪರ್ಥ ಆಗತ್ತೆ ಅಂತ, ನನ್ನ ಪ್ರಕಾರ ಅದರಲ್ಲಿದ್ದ ಬುದ್ಧಿವಾದ ಸರಿಯಾಗೇ ಇತ್ತು.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ಸೇಫು ಅನ್ಕೋಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಅಷ್ಟೇ ಪಾಸ್‌ವರ್ಡ್. ಅಂಗಡಿಗೆ ಬರೋರು ಫೈಲ್ ಕಳ್ಸಿ ಪಾಸ್‌ವರ್ಡ್ ಹೇಳೋಕೆ ಮರೀತಾರೆ, ಮುಖ ನೋಡಿ ವಯಸ್ಸು ಅಂದಾಜು ಮಾಡಿ ಎರಡ್ಮೂರು ಸಲಕ್ಕೆ ತೆಗೀತೀನಿ ನಾನೇ.

ಉಲ್ಟಾ ಕೆಲ್ಸಾನೂ ಕಲೀರಿ, ಅಂದ್ರೆ ಬೇರೆಯವರ ಆಧಾರ್ ಅಸಲಿಯೋ ಅಂತ ನೋಡೋದು. ಬಾಡಿಗೆಗೆ ಬರೋರು, ಕೋಳಿ ಫಾರಮ್ಮಿಗೆ ಕೆಲ್ಸಕ್ಕೆ ಬರೋರು ಕಾರ್ಡ್ ತೋರ್ಸ್ತಾರಲ್ಲ, ಕಣ್ಣಲ್ಲಿ ನೋಡಿ ನಂಬಬೇಡಿ. ಅದರಲ್ಲಿರೋ ಕ್ಯೂಆರ್ ಕೋಡಲ್ಲಿ ಯುಐಡಿಎಐನ ಡಿಜಿಟಲ್ ಸಹಿ ಕೂತಿದೆ, ಯುಐಡಿಎಐದೇ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ಒಳಗಿರೋ ಹೆಸರು ಫೋಟೋ ಬರತ್ತೆ. ಕಾರ್ಡ್ ಮೇಲೆ ಫೋಟೋ ಬದಲಾಯ್ಸಿದ್ರೆ ಇಲ್ಲಿ ಸಿಕ್ಕಾಕೋತಾರೆ. ಮಾಮೂಲಿ ಸ್ಕ್ಯಾನರ್ ಸಾಲದು.

ಜೆರಾಕ್ಸ್ ಅಂಗಡೀಲಿ ಕಣ್ಣಿಡಬೇಕಾದ್ದು

ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡಂಗೆ ಇದು, ಆದ್ರೂ ಹೇಳ್ತೀನಿ.

ಒಂದು, ಕೆಟ್ಟ ಪ್ರತಿ. ಪೇಪರ್ ಜಾಮ್ ಆಗತ್ತೆ, ಕಪ್ಪಾಗಿ ಬರತ್ತೆ, ಅರ್ಧ ಕಟ್ ಆಗತ್ತೆ, ಅಂಗಡಿಯವನು ಅದನ್ನ ಪಕ್ಕದ ಡಬ್ಬಾಕ್ಕೆ ಹಾಕಿ ಇನ್ನೊಂದು ತೆಗೀತಾನೆ. ಸಾಯಂಕಾಲಕ್ಕೆ ಆ ಡಬ್ಬಾದಲ್ಲಿ ಇಡೀ ತಾಲೂಕಿನ ಆಧಾರ್ ಇರತ್ತೆ. ಕೆಲವರು ಅದರ ಹಿಂಬದೀಲಿ ಲೆಕ್ಕ ಬರೀತಾರೆ, ಕೆಲವರು ರದ್ದಿಗೆ ಹಾಕ್ತಾರೆ, ನಾನೂ ಮೊದಮೊದಲು ಹಾಕ್ತಿದ್ದೆ. ಒಂದಿನ ಸಂತೇಲಿ ಕಡ್ಲೆಕಾಯಿ ತಗೊಂಡೆ, ತಿಂದು ಪೊಟ್ಟಣ ಬಿಚ್ಚಿ ನೋಡಿದ್ರೆ ನಮ್ಮ ಕಡೆ ಹಳ್ಳಿಯದೇ ಯಾವುದೋ ಹುಡುಗೀದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸು, ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ತಾರೀಕು, ಉಪ್ಪು ಅಂಟ್ಕೊಂಡು. ಅವತ್ತು ಕಡ್ಲೆಕಾಯಿ ಗಂಟಲಲ್ಲಿ ಇಳೀಲಿಲ್ಲ, ನನ್ನ ಅಂಗಡೀದೇ ಇದ್ರೂ ಇರಬಹುದು. ಆಮೇಲಿಂದ ಕೆಟ್ಟ ಪ್ರತಿ ಗಿರಾಕಿ ಕೈಗೇ ಕೊಡ್ತೀನಿ ಇಲ್ಲ ಅವರೆದುರೇ ಹರೀತೀನಿ. ನೀವೂ ಕೇಳಿ ಇಸ್ಕೊಳ್ಳಿ, ಇದರಲ್ಲಿ ನಾಚಿಕೆ ಏನಿಲ್ಲ.

ಎರಡು, ವಾಟ್ಸಾಪ್. "ಅಣ್ಣ ನಂಬರ್ ಹೇಳಿ ಕಳಿಸ್ತೀನಿ" ಅಂತೀರ, ಫೈಲ್ ಅಂಗಡಿಯವರ ಕಂಪ್ಯೂಟರ್ ಡೌನ್‌ಲೋಡ್ ಫೋಲ್ಡರಲ್ಲಿ ಬೀಳತ್ತೆ. ನೀವು ನಿಮ್ಮ ಫೋನಲ್ಲಿ ಡಿಲೀಟ್ ಫಾರ್ ಎವ್ರಿವನ್ ಒತ್ತಿದ್ರೆ ಚಾಟಿಂದ ಹೋಗತ್ತೆ, ಫೋಲ್ಡರಿಂದ ಹೋಗಲ್ಲ. ಪ್ರಿಂಟ್ ಬಂದ್ಮೇಲೆ ಒಂದು ನಿಮಿಷ ನಿಂತು ಫೋಲ್ಡರಿಂದ ಡಿಲೀಟ್ ಮಾಡ್ಸಿ, ರಿಸೈಕಲ್ ಬಿನ್ನೂ ಖಾಲಿ ಮಾಡ್ಸಿ. ನಿಮ್ಮ ಇಮೇಲೇ ಅಲ್ಲಿ ತೆಗೆದಿದ್ರೆ ಲಾಗೌಟ್ ಆಗಿ, ಪಾಸ್‌ವರ್ಡ್ ಸೇವ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಎಷ್ಟು ಜನ ಲಾಗೌಟ್ ಆಗ್ದೆ ಹೋಗ್ತಾರೆ ಗೊತ್ತಾ, ಬಸ್ಸಿಗೆ ಟೈಮಾಯ್ತು ಅಂತ ಓಡ್ತಾರೆ.

ಮೂರು, ದೊಡ್ಡ ಮೆಷಿನ್ನು. ಈಗಿನ ದೊಡ್ಡ ಡಿಜಿಟಲ್ ಜೆರಾಕ್ಸ್ ಮೆಷಿನ್ ಅಂದ್ರೆ ಒಳಗೊಂದು ಕಂಪ್ಯೂಟರ್ ಅಂತಾನೇ ಲೆಕ್ಕ, ಎಷ್ಟೋ ಮಾಡೆಲ್ಲಲ್ಲಿ ಹಾರ್ಡ್ ಡಿಸ್ಕ್ ಇರತ್ತೆ, ಸ್ಕ್ಯಾನ್ ಆಗಿದ್ದು ಅದರಲ್ಲಿ ಉಳ್ಕೋಬಹುದು. ಇದು ಗಿರಾಕಿಗಿಂತ ಆಫೀಸು, ಸ್ಕೂಲು, ಆಸ್ಪತ್ರೆ ನಡೆಸೋರಿಗೆ. ಹಳೇ ಮೆಷಿನ್ ಮಾರೋ ಮುಂಚೆ ಸರ್ವಿಸ್ ಹುಡುಗನಿಗೆ ಹೇಳಿ ಡಿಸ್ಕ್ ಅಳಿಸಿ ಇಲ್ಲ ತೆಗೆಸಿ ಇಟ್ಕೊಳ್ಳಿ, ಮೆನೂಲಿ ಓವರ್‌ರೈಟ್ ಅಂತ ಇದ್ರೆ ಆನ್ ಮಾಡಿ.

ನಾಲ್ಕನೇದು ನಗು ಬರತ್ತೆ. ಒರಿಜಿನಲ್ಲನ್ನ ಗಾಜಿನ ಮೇಲೇ ಬಿಟ್ಟು ಜೆರಾಕ್ಸ್ ಮಾತ್ರ ತಗೊಂಡು ಹೋಗೋದು. ಪಾನ್ ಕಾರ್ಡು, ಡಿಎಲ್ಲು, ಒಂದ್ಸಲ ಒಬ್ಬ ತಾತನ ಸಾಗುವಳಿ ಚೀಟಿ. ನಲವತ್ತು ವರ್ಷ ಕಾದು ತಗೊಂಡಿದ್ದನ್ನ ಗಾಜಿನ ಮೇಲೆ ಬಿಟ್ಟು ಟೀ ಕುಡಿಯೋಕೆ ಹೋಗಿದ್ದ.

ಹೆಬ್ಬೆಟ್ಟು ಮತ್ತೆ ಜಮೀನಿನ ಕಾಗದ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ನಮ್ಮ ಜಿಲ್ಲೇಲಿ ಬೆಂಗಳೂರು ಹತ್ರ ಆಗಿ ಜಮೀನಿನ ರೇಟು ಏರಿದಷ್ಟೂ ಕಾಗದದ ಕಳ್ಳರೂ ಏರಿದಾರೆ.

ಕ್ರಯಪತ್ರ ರಿಜಿಸ್ಟರ್ ಆದ್ರೆ ಅದು ಗುಟ್ಟಿನ ಕಾಗದ ಅಲ್ಲ. 1908ರ ನೋಂದಣಿ ಕಾಯ್ದೆ 57ನೇ ಸೆಕ್ಷನ್ ಪ್ರಕಾರ ಫೀಸ್ ಕಟ್ಟಿದ್ರೆ ಯಾರು ಬೇಕಾದ್ರೂ ಒಂದನೇ ಪುಸ್ತಕದಲ್ಲಿರೋ, ಅಂದ್ರೆ ಸ್ಥಿರಾಸ್ತಿ ದಾಖಲೆ ಪುಸ್ತಕದಲ್ಲಿರೋ ಪತ್ರದ ನಕಲು ತಗೋಬಹುದು, ಕೊಳ್ಳೋನು ಪರೀಕ್ಷೆ ಮಾಡ್ಕೊಳ್ಳಿ ಅಂತ ಇರೋ ಒಳ್ಳೇ ಕಾನೂನೇ ಅದು. ಆದ್ರೆ ಆ ಪತ್ರದಲ್ಲಿ ಏನಿರತ್ತೆ, ಆಧಾರ್ ನಂಬರು, ಪಾನ್, ಸಹಿ, ಮೇಲಾಗಿ ಹೆಬ್ಬೆಟ್ಟಿನ ಗುರುತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಗಿದ್ದು ಇದೇ, ಮಂಗಳೂರು ಕಡೆ, ಬೆಂಗಳೂರು ಕಡೆ ಆಸ್ತಿ ರಿಜಿಸ್ಟರ್ ಮಾಡ್ಸಿದವರ ಅಕೌಂಟಿಂದ ಒಟಿಪಿ ಇಲ್ದೆ ಎಟಿಎಂ ಕಾರ್ಡಿಲ್ದೆ ದುಡ್ಡು ಹೋಯ್ತು. ಆಧಾರ್ ನಂಬರ್ ಮತ್ತೆ ಬೆರಳಿಂದ ದುಡ್ಡು ಕೊಡೋ ಎಇಪಿಎಸ್ ಅಂತ ಇದೆಯಲ್ಲ, ಹಳ್ಳೀಲಿ ಬ್ಯಾಂಕ್ ಮಿತ್ರ ಚಿಕ್ಕ ಮೆಷಿನ್ ಇಟ್ಕೊಂಡು ಕೊಡ್ತಾರಲ್ಲ, ಅದರ ಮೂಲಕ, ಒಂದು ಸಲಕ್ಕೆ 10,000 ರೂಪಾಯಿ ತನಕ. ಪತ್ರದಲ್ಲಿರೋ ಬೆರಳಚ್ಚನ್ನ ನಕಲು ಮಾಡಿದ್ರು. ಗಲಾಟೆ ಆದ್ಮೇಲೆ ಇಲಾಖೆಯವರು ನಕಲು ಕೊಡ್ವಾಗ ಬೆರಳಚ್ಚು ಮರೆ ಮಾಡೋಕೆ ಶುರು ಮಾಡಿದ್ರು, ಆದ್ರೆ ಅದಕ್ಕೆ ಮುಂಚೆ ಹೊರಗೆ ಹೋಗಿರೋ ನಕಲುಗಳನ್ನ ಯಾರು ವಾಪಸ್ ತರ್ತಾರೆ?

ಅದಕ್ಕೆ ಮಾಡ್ಬೇಕಾದ್ದು ಬಯೋಮೆಟ್ರಿಕ್ ಲಾಕ್. ಯುಐಡಿಎಐದೇ ಆ್ಯಪಲ್ಲಿ ಇಲ್ಲಾಂದ್ರೆ ಯುಐಡಿಎಐ ಸೈಟಲ್ಲಿ ಲಾಗಿನ್ ಆಗಿ, ಒಟಿಪಿ ಹಾಕಿ, ಲಾಕ್ ಬಯೋಮೆಟ್ರಿಕ್ಸ್ ಒತ್ತಿ. ಲಾಕ್ ಆದ್ಮೇಲೆ ಯಾರ ಹತ್ರ ನಿಮ್ಮ ಬೆರಳಿನ ನಕಲು ಇದ್ರೂ ಆ ಮೆಷಿನ್ ತಗೊಳ್ಳಲ್ಲ, 330 ಅಂತ ಎರರ್ ತೋರ್ಸತ್ತೆ. ಇಲ್ಲೊಂದು ಕಿರಿಕ್ಕಿದೆ, ಅದೇ ಬೆರಳು ರೇಷನ್ ಅಂಗಡೀಲೂ ಬೇಕು. ನಮ್ಮ ಪಕ್ಕದ ಮನೆ ಅಜ್ಜಿಗೆ ಮೊಮ್ಮಗ ಬೆಂಗಳೂರಲ್ಲಿ ಕೂತು ಲಾಕ್ ಮಾಡಿ ಹೇಳೋದು ಮರೆತಿದ್ದ, ಅಜ್ಜಿ ಎರಡು ಸಲ ರೇಷನ್ ಅಂಗಡಿಗೆ ಹೋಗಿ ಬೆರಳು ತೊಳ್ದು ತೊಳ್ದು ಇಟ್ಟು ಬಂದಿದ್ರು, ವಯಸ್ಸಾಗಿ ಬೆರಳು ಸವ್ದೋಗಿದೆ ಅಂತ ಅಂಗಡಿಯವರೂ ಅನ್ಕೊಂಡ್ರು. ರೇಷನ್ ದಿನ ಸ್ವಲ್ಪ ಹೊತ್ತಿಗೆ ಮಾತ್ರ ಅನ್‌ಲಾಕ್ ಮಾಡ್ಕೋಬಹುದು, ಆಮೇಲೆ ತಾನೇ ಲಾಕ್ ಆಗತ್ತೆ. ಅದೂ ತಲೆನೋವು ಅಂದ್ರೆ ಬ್ಯಾಂಕಿಗೆ ಅರ್ಜಿ ಕೊಟ್ಟು ಎಇಪಿಎಸ್ ಬೇಡ ಅನ್ನಿ, ಡೇರಿ ಬಟವಾಡೆ, ಶಿಡ್ಲಘಟ್ಟದ ರೇಷ್ಮೆ ಗೂಡಿನ ದುಡ್ಡು ಬೀಳೋ ಅಕೌಂಟಿಗೆ ಎಸ್ಸೆಮ್ಮೆಸ್ ಬರೋ ನಂಬರ್ ಸರಿಯಾಗಿದೆಯಾ ನೋಡ್ಕೊಳ್ಳಿ.

ಜಮೀನಿಗೆ ಬಂದ್ರೆ, ಬೀರೂಲಿ ಕ್ರಯಪತ್ರ ಇದೆ ಅಂತ ನೆಮ್ಮದಿಯಾಗಿ ಮಲಗಬೇಡಿ, ನಿಮ್ಮ ಹೆಸರಲ್ಲಿ ಇನ್ನೊಬ್ಬ ಸಹಿ ಹಾಕಿದ್ರೆ ಬೀರೂಗೇನು ಗೊತ್ತಾಗತ್ತೆ. ವರ್ಷಕ್ಕೆ ಎರಡು ಸಲ ನೋಂದಣಿ ಇಲಾಖೆಯ ಕಾವೇರಿ ಸೈಟಲ್ಲಿ ಇಸಿ ತೆಗೀರಿ. ಫಾರಂ 16 ಬಂದ್ರೆ ಆ ಅವಧೀಲಿ ಯಾವ್ದೂ ವ್ಯವಹಾರ ಆಗಿಲ್ಲ, ಫಾರಂ 15 ಬಂದ್ರೆ ಏನೋ ರಿಜಿಸ್ಟರ್ ಆಗಿದೆ ಅಂತ, ಕೂತು ಓದಿ. ಕಂದಾಯ ಇಲಾಖೆಯ ಭೂಮಿ ಸೈಟಲ್ಲಿ ಪಹಣೀಲಿ ಹೆಸರು, ವಿಸ್ತೀರ್ಣ, ಋಣದ ಕಾಲಂ ನೋಡಿ, ಮ್ಯುಟೇಶನ್ (ಖಾತೆ ಬದಲಾವಣೆ) ಏನಾದ್ರೂ ನಡೀತಿದೆಯಾ ಅಂತಲೂ ಅಲ್ಲೇ ಗೊತ್ತಾಗತ್ತೆ. ಊರು ಬಿಟ್ಟು ಬೆಂಗಳೂರಲ್ಲಿರೋರು, ಒಡಹುಟ್ಟಿದವರ ಜೊತೆ ಜಂಟಿ ಖಾತೆ ಇರೋರು ಇದನ್ನ ಬಿಡ್ಲೇಬೇಡಿ.

ಕರಾರು ಪತ್ರದ ಇ-ಸ್ಟಾಂಪ್ ಮೇಲೆ ಐಎನ್-ಕೆಎ ಅಂತ ಶುರುವಾಗೋ ನಂಬರ್ ಇದ್ರೆ, ಅದನ್ನ ಕೊಟ್ಟ ಸ್ಟಾಕ್ ಹೋಲ್ಡಿಂಗ್ ಕಂಪನಿ ಸೈಟಲ್ಲಿ ಹಾಕಿ ನೋಡಿ, ಹೆಸರು, ಮೊತ್ತ, ತಾರೀಕು ತಾಳೆ ಆಗ್ಬೇಕು. ಖಾನಾಪುರದ ತೆಲಗಿ ಛಾಪಾ ಕಾಗದಾನೇ ಅಚ್ಚು ಹಾಕಿ ಮಾರಿದ್ದ ದೇಶ ಇದು, ಕಲರ್ ಜೆರಾಕ್ಸ್ ಇ-ಸ್ಟಾಂಪ್ ಮಾಡೋದು ಏನು ಮಹಾ. ಪತ್ರದ ಪ್ರತಿ ಹಾಳೆಗೂ ಇಬ್ಬರ ಸಹಿ ಇರ್ಲಿ, 5ರಲ್ಲಿ 2ನೇ ಪುಟ ಅಂತ ನಂಬರ್ ಇರ್ಲಿ, ಖಾಲಿ ಜಾಗಕ್ಕೆ ಗೆರೆ ಎಳೀರಿ. ಮಧ್ಯದ ಹಾಳೆ ಬದಲಾಯ್ಸೋದು ಹಳೇ ಕೈಚಳಕ.

ಚೆಕ್ಕು, ಖಾಲಿ ಸಹಿ

ಫೈನಾನ್ಸಿನವರು, ಕೈಸಾಲ ಕೊಡೋರು ನಮ್ಮ ಕಡೆ ಸೆಕ್ಯೂರಿಟಿಗೆ ಅಂತ ಖಾಲಿ ಚೆಕ್ಕು, ಪ್ರೋನೋಟು (ಸಾಲ ತೀರಿಸ್ತೀನಿ ಅನ್ನೋ ಪತ್ರ), ಖಾಲಿ ಪೇಪರ್ ಮೇಲೆ ಸಹಿ ತಗೊಳ್ಳೋದು ಮಾಮೂಲಿ. ಸಹಿ ಮಾತ್ರ ನಂದು, ಮಿಕ್ಕಿದ್ದು ಅವ್ನು ತುಂಬಿದ್ದು ಅಂತ ಕೋರ್ಟಲ್ಲಿ ಹೇಳಿದ್ರೆ ಸುಲಭಕ್ಕೆ ನಡೆಯಲ್ಲ, 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಸಹಿ ಹಾಕಿ ಮನಸಾರೆ ಕೊಟ್ಟ ಖಾಲಿ ಚೆಕ್ಕಿಗೂ ಸಾಲ ಇದೆ ಅನ್ನೋ ಊಹೆ ಅನ್ವಯಿಸತ್ತೆ, ಇಲ್ಲ ಅಂತ ತೋರ್ಸೋ ಭಾರ ಕೊಟ್ಟವನ ಮೇಲೆ. ಕೊಡದೇ ಗತಿ ಇಲ್ಲ ಅಂದ್ರೆ ಮೊತ್ತ ಆದ್ರೂ ತುಂಬಿ, ಚೆಕ್ ನಂಬರ್ ಬರೆದು ಅವರಿಂದ ಒಂದು ರಸೀದಿ ಇಸ್ಕೊಳ್ಳಿ, ಸಾಲ ತೀರಿದ ದಿನ ಚೆಕ್ಕು ವಾಪಸ್ ತಗೊಂಡೇ ಬನ್ನಿ.

ಮಾಮೂಲಿ ಚೆಕ್ಕಲ್ಲಿ ಮೊತ್ತ ಎಡಕ್ಕೆ ಅಂಟ್ಕೊಂಡು ಶುರು ಮಾಡಿ, ಕೊನೇಲಿ ಮಾತ್ರ ಅಂತ ಬರೆದು ಗೆರೆ ಎಳೀರಿ, ಮೂಲೇಲಿ ಎರಡು ಗೆರೆ ಹಾಕಿ ಅಕೌಂಟ್ ಪೇಯಿ ಬರೀರಿ. ಕ್ಯಾನ್ಸಲ್ ಚೆಕ್ ಕೇಳಿದ್ರೆ ಅದರ ಮೇಲೆ ಸಹಿ ಹಾಕೋ ಅಗತ್ಯ ಇಲ್ಲ, ಜನ ಅಭ್ಯಾಸಕ್ಕೆ ಹಾಕ್ತಾರೆ. ದೊಡ್ಡ ಮೊತ್ತ ಇದ್ರೆ ಪಾಸಿಟಿವ್ ಪೇ ಮಾಡಿ, 2021ರ ಜನವರಿ 1ರಿಂದ 50,000 ಮತ್ತೆ ಅದಕ್ಕೂ ಮೇಲಿನ ಚೆಕ್ಕಿಗೆ ಆ ಸೌಲಭ್ಯ ಇದೆ, ಯಾರಿಗೆ ಎಷ್ಟು ಅಂತ ನೀವೇ ಮುಂಚೆ ಬ್ಯಾಂಕಿಗೆ ತಿಳಿಸ್ತೀರ, ತಾಳೆ ಆಗದಿದ್ರೆ ಬ್ಯಾಂಕಿನವರು ಹಿಡೀತಾರೆ.

ನೀವೇ ಕಾಗದ ಕೊಡೋರಾದ್ರೆ

ಸ್ಕೂಲಿನವರು, ಟೊಮೇಟೊ ಮಂಡಿಯವರು, ಚೀಟಿ ನಡೆಸೋರು, ಸಂಬಳದ ಸರ್ಟಿಫಿಕೇಟ್ ಕೊಡೋರು ಇದನ್ನ ಓದಿ, ಮಿಕ್ಕವರು ಮುಂದೆ ಹೋಗಿ.

ನಿಮ್ಮ ಹತ್ರ ಚೆಕ್ ಇದ್ರೆ ನಮ್ಮಂಥ ಅಂಗಡೀಲಿ ಒಂದು ಜೆರಾಕ್ಸ್ ತೆಗೆಸಿ ನೋಡಿ, ಒರಿಜಿನಲ್ಲಲ್ಲಿ ಕಾಣದ ವಾಯ್ಡ್ ಅಥವಾ ಕಾಪಿ ಅನ್ನೋ ಇಂಗ್ಲಿಷ್ ಪದ ಪ್ರತೀಲಿ ಎದ್ದು ನಿಲ್ಲತ್ತೆ. ಈಗಿನ ಚೆಕ್ಕುಗಳ ಮಾದರಿ ಸಿಟಿಎಸ್-2010ರಲ್ಲಿ ಅದನ್ನ ಹಾಕ್ಲೇಬೇಕು. ಮಾಯ ಮಂತ್ರ ಏನಿಲ್ಲ, ಹಿನ್ನೆಲೇಲಿ ಸಣ್ಣ ಚುಕ್ಕೆ, ಅಕ್ಷರದ ಜಾಗದಲ್ಲಿ ಒಂಚೂರು ದಪ್ಪ ಚುಕ್ಕೆ ಹಾಕಿರ್ತಾರೆ, ನಮ್ಮ ಕಣ್ಣಿಗೆ ಎರಡೂ ಒಂದೇ ಬಣ್ಣ ಕಾಣತ್ತೆ, ಮೆಷಿನ್ನಿಗೆ ಸಣ್ಣದು ಸಿಗಲ್ಲ ದಪ್ಪದು ಸಿಗತ್ತೆ. ರಸೀದಿ, ಸರ್ಟಿಫಿಕೇಟ್ ಪೇಪರಿಗೂ ದೊಡ್ಡ ಪ್ರೆಸ್ಸಿನವರು ಇದನ್ನ ಹಾಕ್ಕೊಡ್ತಾರೆ. ಮೈಕ್ರೋ ಅಕ್ಷರದ ಗೆರೇನೂ ಹಂಗೇ, ಭೂತಗನ್ನಡಿ ಇಟ್ರೆ ಹೆಸರು, ಜೆರಾಕ್ಸಲ್ಲಿ ಬರೀ ಮುರಿದ ಗೆರೆ.

ಚಿಕ್ಕವರಿಗೆ ಇಷ್ಟು ಖರ್ಚು ಬೇಡ. ರಸೀದಿ ಬುಕ್ಕಿಗೆ ಪ್ರೆಸ್ಸಲ್ಲೇ ಸೀರಿಯಲ್ ನಂಬರ್ ಹಾಕ್ಸಿ, ಕಾರ್ಬನ್ ಪ್ರತಿ ಉಳಿಸ್ಕೊಳ್ಳಿ, ಕೆಟ್ಟ ರಸೀದೀನೂ ಹರಿದು ಎಸೀದೆ ಬುಕ್ಕಲ್ಲೇ ಅಡ್ಡ ಗೆರೆ ಹಾಕಿ ಬಿಡಿ. ರಬ್ಬರ್ ಸ್ಟಾಂಪ್ ಯಾರು ಬೇಕಾದ್ರೂ ಮಾಡ್ಸಬಹುದು, ಅದರ ಬದಲು ಕಾಗದ ಉಬ್ಬೋ ಎಂಬಾಸ್ ಸೀಲ್ ಇಟ್ಕೊಳ್ಳಿ, ಜೆರಾಕ್ಸಲ್ಲಿ ಉಬ್ಬು ಬರಲ್ಲ. ಖಾಲಿ ಲೆಟರ್‌ಹೆಡ್ಡನ್ನ ನೋಟಿನ ಥರ ಎಣಿಸಿ ಬೀಗ ಹಾಕಿ, ಸ್ಟಾಂಪು ಅದ್ರ ಜೊತೆ ಒಂದೇ ಡ್ರಾನಲ್ಲಿ ಇಡ್ಬೇಡಿ. ಕ್ಯೂಆರ್ ಹಾಕ್ತೀವಿ ಅನ್ನೋರಿಗೆ ಒಂದು ಮಾತು, ಕ್ಯೂಆರ್ ಇದ್ದ ಮಾತ್ರಕ್ಕೆ ಅಸಲಿ ಅಲ್ಲ, ಮೋಸಗಾರನೂ ತನ್ನ ಸೈಟಿಗೆ ಹೋಗೋ ಕ್ಯೂಆರ್ ಹಾಕಬಹುದು, ಸ್ಕ್ಯಾನ್ ಮಾಡಿದಾಗ ತೆರೆಯೋ ವಿಳಾಸ ನೋಡ್ಬೇಕು.

ಅಂದಂಗೆ ಕಲರ್ ಲೇಸರ್ ಪ್ರಿಂಟರಲ್ಲಿ ನಕಲಿ ಮಾಡೋರಿಗೆ ಗೊತ್ತಿಲ್ಲದ್ದು ಒಂದಿದೆ, ಎಷ್ಟೋ ಮೆಷಿನ್ನುಗಳು ಪ್ರತಿ ಹಾಳೆಗೂ ಕಣ್ಣಿಗೆ ಕಾಣದಷ್ಟು ಚಿಕ್ಕ ಹಳದಿ ಚುಕ್ಕೆ ಹಾಕ್ತವೆ, ಅದರಲ್ಲಿ ಮೆಷಿನ್ ಸೀರಿಯಲ್ ನಂಬರು, ತಾರೀಕು ಇರತ್ತೆ. 2005ರಲ್ಲಿ ಅಮೆರಿಕದವರು ಒಂದು ಮಾಡೆಲ್ಲಿನ ಚುಕ್ಕೆ ಬಿಡಿಸಿ ತೋರ್ಸಿದ್ರು.

ಒರಿಜಿನಲ್ ಇಡೋದು

ಲ್ಯಾಮಿನೇಶನ್ ಮಾಡ್ಕೊಡಿ ಅಂತ ಬಂದ ಕ್ರಯಪತ್ರ, ಮಾರ್ಕ್ಸ್ ಕಾರ್ಡನ್ನ ನಾನು ವಾಪಸ್ ಕಳಿಸ್ತೀನಿ, ಇಪ್ಪತ್ತು ರೂಪಾಯಿ ಹೋದ್ರೆ ಹೋಗ್ಲಿ. ಪ್ಲಾಸ್ಟಿಕ್ ಒಳಗೆ ಹೋದ್ಮೇಲೆ ಉಬ್ಬು ಸೀಲ್ ಚಪ್ಪಟೆ, ಕಾಗದ ಮುಟ್ಟಿ ನೋಡೋಕಾಗಲ್ಲ, ವಾಪಸ್ ಬಿಚ್ಚೋಕೂ ಆಗಲ್ಲ. ಹತ್ತು ರೂಪಾಯಿ ಮೆತ್ತಗಿನ ಪಿವಿಸಿ ಕವರಲ್ಲೂ ಇಡ್ಬೇಡಿ, ಒಂದೆರಡು ವರ್ಷಕ್ಕೆ ಟೋನರ್ ಅಕ್ಷರ ಕವರಿಗೆ ಅಂಟ್ಕೊಳತ್ತೆ, ತೆಗೆದ್ರೆ ಅರ್ಧ ಪಹಣಿ ಕವರ್ ಮೇಲೆ ಉಲ್ಟಾ ಅಚ್ಚಾಗಿರತ್ತೆ. ಪಾಲಿಪ್ರೊಪಿಲೀನ್ ಫೈಲ್ ಕವರ್ ಕೇಳಿ ತಗೊಳ್ಳಿ. ಬ್ಯಾಂಕಲ್ಲಿ ದುಡ್ಡು ಕಟ್ಟಿದ ಥರ್ಮಲ್ ಚೀಟಿ ಬೇಗ ಬೆಳ್ಳಗಾಗತ್ತೆ, ಅವತ್ತೇ ಜೆರಾಕ್ಸ್ ತೆಗೆಸಿಡಿ. ಮಾರ್ಕ್ಸ್ ಕಾರ್ಡ್, ಡಿಎಲ್ಲು ಸರ್ಕಾರದ ಡಿಜಿಲಾಕರ್ ಆ್ಯಪಲ್ಲಿ ಇದ್ರೆ ಒರಿಜಿನಲ್ ಹಿಡ್ಕೊಂಡು ಬಸ್ಸು ಹತ್ತೋದೇ ತಪ್ಪತ್ತೆ.

ಹಾಳು ಮಾಡೋದು

ಆ ಮೂರನೇ ಗುಡ್ಡೆ. ಎರಡಾಗಿ ಹರಿದು ಎಸೆಯೋದು ಲೆಕ್ಕಕ್ಕಿಲ್ಲ, ಅಂಟಿಸೋಕೆ ಐದು ನಿಮಿಷ. ಆಫೀಸಿಗೆ ಶ್ರೆಡ್ಡರ್ ತಗೊಳ್ಳೋದಾದ್ರೆ ಉದ್ದುದ್ದ ಪಟ್ಟಿ ಕತ್ತರಿಸೋದು ಬೇಡ, ಕ್ರಾಸ್ ಕಟ್ ತಗೊಳ್ಳಿ, ಪಿ-4 ಅಂತ ಇದ್ರೆ ಒಂದೊಂದು ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರಲ್ಲ, ಅಷ್ಟು ಸಾಕು. ಮನೇಗೆ ಅದೆಲ್ಲ ಯಾಕೆ, ಹಂಡೆ ಒಲೆ ಇದ್ರೆ ಅದಕ್ಕಿಂತ ಒಳ್ಳೇ ಶ್ರೆಡ್ಡರ್ ಇಲ್ಲ, ನೀರೂ ಕಾಯತ್ತೆ. ಅಪಾರ್ಟ್‌ಮೆಂಟಲ್ಲಿರೋರು ಬಕೆಟ್ ನೀರಲ್ಲಿ ರಾತ್ರಿ ನೆನೆಸಿ ಬೆಳಗ್ಗೆ ಹಿಸುಕಿ ಮುದ್ದೆ ಮಾಡಿ. ಕೊರಿಯರ್ ಡಬ್ಬದ ಮೇಲಿರೋ ಹೆಸರು, ಫೋನ್ ನಂಬರ್ ಲೇಬಲ್ಲು ಸಾಮಾನ್ಯ ಥರ್ಮಲ್ ಪೇಪರ್ರೇ, ಸ್ಯಾನಿಟೈಸರ್ ಹಚ್ಚಿ ಉಜ್ಜಿ, ಕಪ್ಪಗಾಗಿ ಓದೋಕಾಗ್ದಂಗೆ ಆಗತ್ತೆ. ನಮ್ಮ ಹುಡುಗ್ರಿಗೆ ಇದೊಂದು ಆಟ ಆಗೋಗಿದೆ.

ಕಳೆದೋದ್ರೆ, ಇಲ್ಲ ಯಾರೋ ಬಳಸ್ಕೊಂಡ್ರು ಅನ್ನಿಸಿದ್ರೆ

ದುಡ್ಡು ಹೋಗಿದ್ರೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ನಿಮ್ಮ ತಪ್ಪಿಲ್ಲದೆ ಹೊರಗಿನವರು ಎತ್ತಿದ ದುಡ್ಡಿಗೆ, ಬ್ಯಾಂಕಿಂದ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೆ ಗಿರಾಕಿ ಮೇಲೆ ಹೊಣೆ ಇಲ್ಲ ಅಂತ ಆರ್‌ಬಿಐ 2017ರಲ್ಲೇ ಸುತ್ತೋಲೆ ಮಾಡಿದೆ, ಅದಕ್ಕೆ ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸೀಲ್ ಹಾಕ್ಸಿಕೊಳ್ಳಿ. ಕಾಗದ ಮಾತ್ರ ಕಳೆದಿದ್ರೆ ಕಳೆದಿದ್ದನ್ನ ಆನ್ಲೈನಲ್ಲೇ ಬರೆಸೋ ಪೊಲೀಸರ ಇ-ಲಾಸ್ಟಲ್ಲಿ ದಾಖಲು ಮಾಡಿ, ಡೂಪ್ಲಿಕೇಟಿಗೆ ಎಷ್ಟೋ ಕಡೆ ಅದನ್ನ ಕೇಳ್ತಾರೆ, ಮುಂದೆ ಆ ಕಾಗದ ಇಟ್ಟು ಯಾರಾದ್ರೂ ಆಟ ಆಡಿದ್ರೆ ನಿಮ್ಮ ಕೈಲಿ ತಾರೀಕಿರೋ ದಾಖಲೆ ಇರತ್ತೆ. ಕ್ರಯಪತ್ರ ಕಳೆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದೃಢೀಕೃತ ನಕಲು ಸಿಗತ್ತೆ.

ನಿಮ್ಮ ಹೆಸರಲ್ಲಿ ಯಾರಾದ್ರೂ ಸಾಲ ಎತ್ತಿದಾರಾ ಅಂತ ನೋಡೋಕೆ ಕ್ರೆಡಿಟ್ ರಿಪೋರ್ಟ್ (ನಿಮ್ಮ ಸಾಲಗಳ ದಾಖಲೆ) ತೆಗೀರಿ, ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ಕಡೆ ವರ್ಷಕ್ಕೆ ಒಂದು ರಿಪೋರ್ಟ್ ಫ್ರೀ, ಮೂರು ತಿಂಗಳಿಗೊಂದು ಕಂಪನೀದು ತೆಗೆದ್ರೆ ವರ್ಷ ಪೂರ್ತಿ ಕಾವಲು ಕಾದಂಗಾಯ್ತು. ಸಾಲದ ಪಟ್ಟಿ ನೋಡಿ ನಿಲ್ಲಿಸ್ಬೇಡಿ, ಕೆಳಗೆ ಎನ್‌ಕ್ವೈರಿ ಅಂತ ಇರತ್ತೆ, ಸಾಲಕ್ಕೆ ಅರ್ಜಿ ಹಾಕಿದ್ರೇ ಅಲ್ಲಿ ಬಿದ್ದಿರತ್ತೆ. ಸಂಚಾರ್ ಸಾಥೀಲಿ ಸಿಮ್ಮು, ಯುಐಡಿಎಐ ಸೈಟಲ್ಲಿ ಆಥೆಂಟಿಕೇಶನ್ ಹಿಸ್ಟರಿ, ಅಂದ್ರೆ ನಿಮ್ಮ ಆಧಾರ್ ಎಲ್ಲೆಲ್ಲಿ ಯಾವಾಗ ಬಳಕೆ ಆಯ್ತು ಅನ್ನೋದು, ಇವೆರಡನ್ನೂ ಅವತ್ತೇ ನೋಡ್ಬಿಡಿ. ಡೈರೀಲಿ ಯಾರಿಗೆ ಯಾವಾಗ ಕೊಟ್ಟೆ ಅಂತ ಬರೆದಿದ್ರೆ ಈ ಹೊತ್ತಲ್ಲೇ ಅದು ಕೆಲ್ಸಕ್ಕೆ ಬರೋದು.

ಕಂಪ್ಲೇಂಟ್ ಕೊಟ್ಟು ಬಂದ ಅಕ್ನಾಲೆಡ್ಜ್‌ಮೆಂಟಿಗೆ ಎರಡು ಜೆರಾಕ್ಸ್ ತೆಗೆಸಿ ಬೇರೆ ಬೇರೆ ಕಡೆ ಇಡಿ. ಒರಿಜಿನಲ್ ಮಾತ್ರ ಗಾಜಿನ ಮೇಲೆ ಬಿಟ್ಟು ಹೋಗ್ಬೇಡಿ, ನನ್ನ ಡ್ರಾನಲ್ಲಿ ಈಗ್ಲೇ ಹನ್ನೊಂದು ಜನರ ಕಾರ್ಡ್ ಕೂತಿದೆ, ಬಂದು ಇಸ್ಕೊಂಡು ಹೋಗಿ ಅಂತ ಬೋರ್ಡ್ ಹಾಕೋಣ ಅಂದ್ರೆ ಹೆಸರು ಬರೆಯೋಕೂ ಭಯ ಆಗತ್ತೆ.